ಯೂರಿಕ್ ಆಮ್ಲವೂ ಲಕ್ವದ ಬೇನೆಯೂ

ನಿಂಬರ್ಗಾ, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಯಾರಿಗಾದರೂ ಒಂದು ಮಗ್ಗುಲಿನ ಕೈಕಾಲು ಇದ್ದಕ್ಕಿದ್ದಂತೆ ಸ್ವಾಧೀನ ತಪ್ಪಿ, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ, ‘ಲಕ್ವ ಹೊಡೆಯಿತು’ ಎನ್ನುತ್ತಾರೆ. ಪುಸ್ತಕದ ಕನ್ನಡದಲ್ಲಿ ಇದಕ್ಕೆ ಪಾರ್ಶ್ವವಾಯು ಎಂದು ಹೆಸರು. ಡಾಕ್ಟರರು ಸ್ಟ್ರೋಕ್ ಎನ್ನುತ್ತಾರೆ. ಲಕ್ವ ಎಂಬ ಮಾತು ಯುನಾನಿ ವೈದ್ಯದಿಂದ ಬಂದದ್ದು. ಈ ಸೀಮೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ತನಕ ಹೈದರಾಬಾದಿನ ಭಾಗವಾಗಿದ್ದುದರಿಂದ ಹಕೀಮರ ಮಾತುಗಳು ಜನರ ಬಾಯಲ್ಲಿ ಉಳಿದುದರಲ್ಲಿ ಆಶ್ಚರ್ಯವೇನಿಲ್ಲ. ಹಕೀಮರ ಗ್ರಂಥಗಳಲ್ಲಿ ಮುಖ ಸೊಟ್ಟಗಾಗುವುದಷ್ಟೇ ಲಕ್ವ. ಅರ್ಧ ಮೈ ಬಿದ್ದುಹೋಗುವುದಕ್ಕೆ ಫಾಲಿಜ್ ಎಂಬ ಬೇರೆ ಹೆಸರುಂಟು. ನಮ್ಮ ಜನ ಎರಡನ್ನೂ ಒಂದೇ ಮಾತಿನಲ್ಲಿ ಅಡಗಿಸಿಬಿಟ್ಟರು.

ಇತ್ತೀಚಿನ ವರ್ಷಗಳಲ್ಲಿ ಈ ಲಕ್ವದ ಜೊತೆಗೆ ಇನ್ನೊಂದು ಹೆಸರೂ ಊರೂರಿಗೆ ಬಂದಿದೆ. ಅದು ಯೂರಿಕ್ ಆಮ್ಲ. ರಕ್ತ ಪರೀಕ್ಷೆಯ ಚೀಟಿಯಲ್ಲಿ ಅದರ ಅಂಕಿ ಸ್ವಲ್ಪ ಏರಿದರೆ ಸಾಕು, ಮನೆಯವರೆಲ್ಲ ಗಾಬರಿಯಾಗುತ್ತಾರೆ. ‘ಇದರಿಂದ ಲಕ್ವ ಹೊಡೀತದಂತಲ್ರಿ, ಇನ್ನ ಬ್ಯಾಳಿ ತಿನ್ನೋದು ಬಿಡಬೇಕೇನ್ರಿ?’ ಎಂಬುದು ಮೊದಲ ಪ್ರಶ್ನೆ. ತೊಗರಿಯ ಕಣಜವೆಂದು ಹೆಸರಾದ, ತನ್ನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಕಲಬುರಗಿ ಜಿಲ್ಲೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಜೋಳದ ರೊಟ್ಟಿಯ ಪಕ್ಕದಿಂದ ಬೇಳೆಯನ್ನು ತೆಗೆದರೆ ಬಡವನ ತಾಟಿನಲ್ಲಿ ಉಳಿಯುವುದೇನು? ಈ ಭಯ ಎಲ್ಲಿಂದ ಬಂತು, ಅದರಲ್ಲಿ ಹುರುಳೆಷ್ಟು, ಜೊಳ್ಳೆಷ್ಟು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡೋಣ.

ಮೊದಲು ಈ ಆಮ್ಲ ಯಾವುದೆಂಬುದನ್ನು ತಿಳಿಯಬೇಕು. ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲಿಯೂ ಪ್ಯೂರಿನ್ ಎಂಬ ವಸ್ತುಗಳಿವೆ. ಹಳೆಯ ಕೋಶಗಳು ಸತ್ತು ಹೊಸವು ಹುಟ್ಟುವಾಗ ಪ್ಯೂರಿನ್ ಒಡೆದು ಕೊನೆಗೆ ಯೂರಿಕ್ ಆಮ್ಲವಾಗುತ್ತದೆ. ಆಹಾರದಲ್ಲಿರುವ ಪ್ಯೂರಿನ್‌ನಿಂದಲೂ ಒಂದಿಷ್ಟು ಆಗುತ್ತದೆ. ಆದರೆ ಹೆಚ್ಚಿನ ಪಾಲು ದೇಹದೊಳಗೇ ಹುಟ್ಟುವಂಥದು. ಇದರಲ್ಲಿ ಬಹುಭಾಗವನ್ನು ಮೂತ್ರಪಿಂಡಗಳು ಹೊರಹಾಕುತ್ತವೆ, ಉಳಿದುದು ಕರುಳಿನ ಮೂಲಕ ಹೋಗುತ್ತದೆ. ಬಹುಪಾಲು ಸಸ್ತನಿಗಳಲ್ಲಿ ಯೂರಿಕೇಸ್ ಎಂಬ ಕಿಣ್ವವಿದ್ದು, ಅದು ಯೂರಿಕ್ ಆಮ್ಲವನ್ನು ನೀರಿನಲ್ಲಿ ಸುಲಭವಾಗಿ ಕರಗುವ ಇನ್ನೊಂದು ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಮನುಷ್ಯನೂ ಅವನ ಹತ್ತಿರದ ಬಂಧುಗಳಾದ ವಾನರಗಳೂ ಕೋಟ್ಯಂತರ ವರ್ಷಗಳ ಹಿಂದೆಯೇ ಆ ಕಿಣ್ವವನ್ನು ಕಳೆದುಕೊಂಡಿವೆ. ಆದುದರಿಂದ ನಮ್ಮ ರಕ್ತದಲ್ಲಿ ಈ ಆಮ್ಲ ಬೇರೆ ಪ್ರಾಣಿಗಳಿಗಿಂತ ಹೆಚ್ಚು. ನೂರು ಮಿಲಿಲೀಟರು ರಕ್ತದ್ರವದಲ್ಲಿ ಸುಮಾರು 6.8 ಮಿಲಿಗ್ರಾಂ ದಾಟಿದರೆ ಅದು ಕರಗಿಯೇ ಉಳಿಯುವುದು ಕಷ್ಟ. ಸೂಜಿಯಂಥ ಹರಳುಗಳಾಗಿ ಕೀಲುಗಳಲ್ಲಿ ಕೂಡಬಹುದು. ಹಾಗೆ ಕೂಡಿದಾಗ ಬರುವ ಉರಿನೋವೇ ಗೌಟ್.

ಗೌಟ್ ನಮ್ಮವರಿಗೆ ಹೊಸದಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ 28ನೆಯ ಅಧ್ಯಾಯ ವಾತವ್ಯಾಧಿಗಳದು. ಪಕ್ಷಾಘಾತ, ಅಂದರೆ ನಮ್ಮ ಲಕ್ವ, ಅಲ್ಲಿ ಬರುತ್ತದೆ. ಅದರ ಮಗ್ಗುಲಿಗೇ 29ನೆಯ ಅಧ್ಯಾಯ ವಾತರಕ್ತದ್ದು. ಕೈಕಾಲುಗಳ ಕೀಲುಗಳಲ್ಲಿ ಮೊದಲಾಗಿ ಮೈಗೆಲ್ಲ ಹಬ್ಬುವ ಆ ಬೇನೆಯನ್ನು ಇಂದಿನವರು ಗೌಟಿಗೆ ಹೋಲಿಸುತ್ತಾರೆ. ಅದಕ್ಕೆ ಆಢ್ಯವಾತವೆಂಬ ಇನ್ನೊಂದು ಹೆಸರೂ ಉಂಟು. ಆಢ್ಯರೆಂದರೆ ಸಿರಿವಂತರು. ಮೈಮುರಿದು ದುಡಿಯದೆ ಸುಖವಾಗಿ ಉಂಡು ಕುಳಿತವರಿಗೆ ಬರುವ ಬೇನೆಯೆಂಬ ತಿಳಿವಳಿಕೆ ಆ ಹೆಸರಿನಲ್ಲೇ ಇದೆ. ಯುನಾನಿಯವರು ಇದಕ್ಕೆ ಸುರಂಜಾನ್ ಎಂಬ ಗೆಡ್ಡೆಯನ್ನು ಕೊಡುತ್ತಿದ್ದರು. ಇಂದಿಗೂ ಗೌಟಿಗೆ ಕೊಡುವ ಕಾಲ್ಚಿಸಿನ್ ಔಷಧ ಅದೇ ಜಾತಿಯ ಗಿಡದ್ದು. ನಿಂಬರ್ಗಾಕ್ಕೆ ನೆರೆಯ ಸೀಮೆಯಾದ ವಿಜಯಪುರದಲ್ಲಿ, ಇಮ್ಮಡಿ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, ಇತಿಹಾಸಕಾರ ಫರಿಶ್ತಾ ಭಾರತೀಯ ವೈದ್ಯವನ್ನು ಕುರಿತು ಫಾರಸಿಯಲ್ಲಿ ಒಂದು ಗ್ರಂಥವನ್ನೇ ಬರೆದ. ಹೀಗೆ ವೈದ್ಯರ ಔಷಧವೂ ಹಕೀಮರ ಔಷಧವೂ ಈ ನಾಡಿನಲ್ಲಿ ಒಂದಕ್ಕೊಂದು ಪರಿಚಿತವಾಗಿದ್ದವು. ಆದರೆ ಬೇನೆಯ ಹಿಂದಿರುವ ವಸ್ತು ಯಾವುದೆಂಬುದನ್ನು ಇಬ್ಬರೂ ಕಂಡಿರಲಿಲ್ಲ.

ಅದನ್ನು ಕಂಡದ್ದು ಸ್ವೀಡನ್ ದೇಶದ ಒಬ್ಬ ಔಷಧಿ ವ್ಯಾಪಾರಿ. ಕಾರ್ಲ್ ವಿಲ್ಹೆಲ್ಮ್ ಶೀಲೆ ಎಂಬ ಆತ 1776ರಲ್ಲಿ ಮೂತ್ರಕೋಶದ ಕಲ್ಲುಗಳನ್ನು ಪರೀಕ್ಷಿಸಿ, ಅವುಗಳಿಂದ ಒಂದು ಹೊಸ ಆಮ್ಲವನ್ನು ಬೇರ್ಪಡಿಸಿದ. ಮೊದಲು ಅದಕ್ಕೆ ಕಲ್ಲಿನ ಆಮ್ಲ ಎಂಬರ್ಥದ ಹೆಸರೇ ಇದ್ದಿತು. ಮೂತ್ರದ ಆಮ್ಲವೆಂಬ ಈಗಿನ ಹೆಸರನ್ನು ಆಮೇಲೆ ಫ್ರಾನ್ಸಿನ ಫೂರ್‌ಕ್ರ್ವಾ ಕೊಟ್ಟ. 1797ರಲ್ಲಿ ಇಂಗ್ಲೆಂಡಿನ ವಿಲಿಯಂ ಹೈಡ್ ವುಲಸ್ಟನ್, ಗೌಟ್ ರೋಗಿಯ ಗಂಟಿನೊಳಗೆ ಇರುವುದೂ ಇದೇ ಎಂದು ತೋರಿಸಿದ. ಬಿಸಿಲ ನಾಡಿನವರಾದ ನಿಮಗೆ ಮೂತ್ರದ ಕಲ್ಲು ಎಂದರೇನೆಂದು ಹೇಳಬೇಕಾಗಿಲ್ಲ. ಬೆವರು ಸುರಿದು, ನೀರು ಸಾಕಷ್ಟು ಕುಡಿಯದೆ ಹೋದರೆ ಮೂತ್ರ ಗಟ್ಟಿಯಾಗಿ ಹರಳು ಕಟ್ಟುತ್ತದೆ. ಅಂಥ ಹರಳುಗಳಲ್ಲಿ ಕೆಲವು ಯೂರಿಕ್ ಆಮ್ಲದವು.

ಇಷ್ಟಾದರೂ ಆ ಆಮ್ಲ ರಕ್ತದಲ್ಲಿದೆಯೆಂದು ಯಾರೂ ತೋರಿಸಿರಲಿಲ್ಲ. ಲಂಡನ್ನಿನ ವೈದ್ಯ ಆಲ್‌ಫ್ರೆಡ್ ಬೇರಿಂಗ್ ಗ್ಯಾರಡ್ 1848ರಲ್ಲಿ ಆ ಕೆಲಸ ಮಾಡಿದ. ಮುಂದೆ ಅವನು ಕಂಡುಹಿಡಿದ ಪರೀಕ್ಷೆ ಎಷ್ಟು ಸರಳವೆಂದರೆ, ಕೇಳಿದರೆ ನಗು ಬರುತ್ತದೆ. ರೋಗಿಯ ರಕ್ತದ ತಿಳಿಯನ್ನು ಒಂದು ಗಾಜಿನ ತಟ್ಟೆಯಲ್ಲಿ ಹಾಕಿ, ಸ್ವಲ್ಪ ಅಸಿಟಿಕ್ ಆಮ್ಲ ಬೆರಸಿ, ನಾರುಬಟ್ಟೆಯ ಒಂದು ದಾರವನ್ನು ಅದರಲ್ಲಿ ಬಿಟ್ಟು ಒಂದೆರಡು ದಿನ ಇಡುತ್ತಿದ್ದ. ಗೌಟ್ ಇದ್ದವನ ರಕ್ತವಾದರೆ, ಸಕ್ಕರೆಯ ಪಾಕದಲ್ಲಿ ಬಿಟ್ಟ ದಾರಕ್ಕೆ ಕಲ್ಲುಸಕ್ಕರೆ ಕೂಡುವಂತೆ, ದಾರದ ಮೇಲೆ ಹರಳುಗಳು ಕೂಡುತ್ತಿದ್ದವು. ರಕ್ತದಲ್ಲಿರುವ ಒಂದು ರಾಸಾಯನಿಕ ವಸ್ತುವನ್ನು ನೋಡಿ ರೋಗವನ್ನು ಗುರುತಿಸುವ ಪದ್ಧತಿಯ ಆರಂಭದ ಉದಾಹರಣೆಗಳಲ್ಲಿ ಇದೊಂದು. ಇಂದು ನಿಮ್ಮ ಕೈಗೆ ಬರುವ ಚೀಟಿಯ ಮೂಲಪುರುಷ ಆ ದಾರವೇ.

ಗೌಟಿನ ಆಮ್ಲಕ್ಕೂ ರಕ್ತನಾಳಗಳ ರೋಗಕ್ಕೂ ಗಂಟುಹಾಕಿದವರಲ್ಲಿ ಮೊದಲಿಗನೊಬ್ಬ ಭಾರತೀಯ ಮೂಲದವನು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಪಟ್ನಾದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಹೋಗಿ ನೆಲಸಿದ, ಲಂಡನ್ನಿನಲ್ಲಿ ಭಾರತೀಯ ಅಡಿಗೆಯ ಹೋಟೆಲನ್ನು ತೆರೆದ ಶೇಖ್ ದೀನ್ ಮಹಮದನ ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಹಮದ್. 1849ರಲ್ಲಿ ಹುಟ್ಟಿದ ಈತ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವೈದ್ಯ. ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡವನ್ನು ಅಳೆಯುವ ಸಾಧನ ಇನ್ನೂ ಇಲ್ಲದಿದ್ದ ಕಾಲದಲ್ಲಿ, ನಾಡಿಯ ಮಿಡಿತವನ್ನು ಗೀಟುಗಳಾಗಿ ಬರೆಯುವ ಯಂತ್ರವನ್ನು ಸುಧಾರಿಸಿ, ಮೂತ್ರಪಿಂಡ ಕೆಡುವ ಮೊದಲೇ ರಕ್ತದೊತ್ತಡ ಏರಬಹುದೆಂದು ತೋರಿಸಿದ. ಅಂಥ ರೋಗಿಗಳಲ್ಲಿ ಹಲವರು ಗೌಟಿನ ಮನೆತನದವರು ಎಂಬುದನ್ನು ಗಮನಿಸಿ, 1879ರಲ್ಲಿ, ಅವರ ರಕ್ತದಲ್ಲಿರುವ ಕೆಟ್ಟ ವಸ್ತುವೇ ಒತ್ತಡವನ್ನು ಏರಿಸುತ್ತಿರಬಹುದೆಂದು ಬರೆದ. 1884ರಲ್ಲಿ ವಿಷಮಶೀತಜ್ವರಕ್ಕೆ ತುತ್ತಾಗಿ, 35 ವರ್ಷ ತುಂಬಿದ್ದಾಗಲೇ ತೀರಿಕೊಂಡ. ಅಧಿಕ ರಕ್ತದೊತ್ತಡವೇ ಲಕ್ವದ ಮುಖ್ಯ ಕಾರಣವೆಂದು ಇಂದು ಬಲ್ಲ ನಾವು, ಆ ತರುಣನ ಊಹೆಯನ್ನು ಗೌರವದಿಂದ ನೆನೆಯಬೇಕು.

ಅವನದು ಎಚ್ಚರದ ಊಹೆ. ಅವನ ಹಿಂದೆ ಬಂದವನ ಮಾತಿನಲ್ಲಿ ಆ ಎಚ್ಚರವಿರಲಿಲ್ಲ. ಅಲೆಕ್ಸಾಂಡರ್ ಹೇಗ್ ಎಂಬ ಲಂಡನ್ ವೈದ್ಯನಿಗೆ ಅರೆತಲೆನೋವು. ಮಾಂಸ ಬಿಟ್ಟ ಮೇಲೆ ನೋವು ಕಡಿಮೆಯಾಯಿತು. ಅಲ್ಲಿಂದ ಅವನು ಯೂರಿಕ್ ಆಮ್ಲದ ಬೆನ್ನು ಹತ್ತಿ, 1892ರಲ್ಲಿ ಒಂದು ದಪ್ಪ ಪುಸ್ತಕ ಬರೆದ. ತಲೆನೋವು, ಮೂರ್ಛೆರೋಗ, ಮನಸ್ಸಿನ ಕುಗ್ಗು, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಎಲ್ಲಕ್ಕೂ ಇದೊಂದೇ ಮೂಲವೆಂದು ಸಾರಿದ. ಮಾಂಸವನ್ನಲ್ಲದೆ ಚಹಾ, ಕಾಫಿಗಳನ್ನೂ, ಬಟಾಣಿ, ಅವರೆ, ಬೇಳೆಕಾಳುಗಳನ್ನೂ ಬಿಡಬೇಕೆಂದು ವಿಧಿಸಿದ. ಬೇಳೆಯ ಮೇಲಿನ ಅಪವಾದಕ್ಕೆ ಇಲ್ಲಿಂದ ಬಲ ಬಂತು.

ಆ ಅಪವಾದ ಭಾರತದ ಮನೆಗಳಿಗೆ ಬಂದ ದಾರಿಯೂ ಸ್ವಾರಸ್ಯವಾದದ್ದು. ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿದ್ದಾಗ, 1913ರಲ್ಲಿ, ತಮ್ಮ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಆರೋಗ್ಯವನ್ನು ಕುರಿತು ಗುಜರಾತಿಯಲ್ಲಿ ಲೇಖನಮಾಲೆ ಬರೆದರು. ಮುಂದೆ ಅದು ಪುಸ್ತಕವಾಗಿ ಹಲವು ಭಾಷೆಗಳಿಗೆ ಹೋಯಿತು. ಬೇಳೆಕಾಳುಗಳು ದೇಹದಲ್ಲಿ ಒಂದು ಬಗೆಯ ಆಮ್ಲವನ್ನು ಹುಟ್ಟಿಸಿ ರೋಗವನ್ನೂ ಅಕಾಲ ಮುಪ್ಪನ್ನೂ ತರುತ್ತವೆಂಬ ಹೇಗನ ಅಭಿಪ್ರಾಯವನ್ನು ಅವರು ಅದರಲ್ಲಿ ಎತ್ತಿ ಹೇಳಿದ್ದಾರೆ. ಕಸ್ತೂರಬಾ ಅವರ ಕಾಯಿಲೆಯ ಸಮಯದಲ್ಲಿ ಉಪ್ಪನ್ನೂ ಬೇಳೆಯನ್ನೂ ಬಿಡುವಂತೆ ಗಾಂಧೀಜಿ ಹೇಳಿದುದು, ‘ನಿಮಗೆ ಹೇಳಿದರೆ ನೀವು ಬಿಡುತ್ತೀರಾ’ ಎಂಬ ಅರ್ಥದಲ್ಲಿ ಆಕೆ ಕೇಳಿದುದು, ಕೂಡಲೆ ತಾವೇ ಒಂದು ವರ್ಷ ಅವೆರಡನ್ನೂ ತ್ಯಜಿಸಿದುದು ಅವರ ಆತ್ಮಕಥೆಯನ್ನು ಓದಿದವರಿಗೆಲ್ಲ ಗೊತ್ತಿರುವ ಸಂಗತಿ. ಲಂಡನ್ನಿನ ಒಬ್ಬ ವೈದ್ಯನ ಸಿದ್ಧಾಂತ ಹೀಗೆ ಮಹಾತ್ಮರ ಬಾಯಿಂದ ದೇಶಕ್ಕೆ ಬಂತು. ಮಹಾತ್ಮರು ಹೇಳಿದರೆಂದಮೇಲೆ ಪ್ರಶ್ನಿಸುವವರು ಯಾರು?

ಪ್ರಶ್ನಿಸಿದ್ದು ಪ್ರಯೋಗಶಾಲೆ. 1912ರ ಹೊತ್ತಿಗೆ ಅಮೆರಿಕದ ಫೋಲಿನ್ ಮತ್ತು ಡೆನಿಸ್ ಎಂಬವರು ರಕ್ತದಲ್ಲಿರುವ ಯೂರಿಕ್ ಆಮ್ಲವನ್ನು ಬಣ್ಣದ ಛಾಯೆಯಿಂದ ಅಳೆಯುವ ವಿಧಾನವನ್ನು ಕೊಟ್ಟರು. ಅಳತೆ ಖಚಿತವಾದಂತೆಲ್ಲ ಹೇಗನ ಕಟ್ಟಡ ಕುಸಿಯಿತು. ಗೌಟಿಗೂ ಕೆಲವು ಬಗೆಯ ಕಲ್ಲುಗಳಿಗೂ ಈ ಆಮ್ಲ ಕಾರಣವೆಂಬುದು ಉಳಿಯಿತು. ಎಲ್ಲ ರೋಗಕ್ಕೂ ಅದೇ ಮೂಲವೆಂಬುದು ಬಿದ್ದಿತು. ಬೇಳೆಯ ವಿಚಾರ ಇತ್ಯರ್ಥವಾಗಲು ಇನ್ನೂ ಬಹಳ ಕಾಲ ಹಿಡಿಯಿತು. ಅಮೆರಿಕದಲ್ಲಿ 47,150 ಮಂದಿ ಪುರುಷರನ್ನು 12 ವರ್ಷ ಗಮನಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅವರಲ್ಲಿ 730 ಮಂದಿಗೆ ಹೊಸದಾಗಿ ಗೌಟ್ ಬಂದಿತು. ಮಾಂಸ, ಮೀನು ಹೆಚ್ಚು ತಿಂದವರಿಗೆ ಅಪಾಯ ಹೆಚ್ಚು; ಹಾಲು ಮೊಸರು ತೆಗೆದುಕೊಂಡವರಿಗೆ ಕಡಿಮೆ; ಪ್ಯೂರಿನ್ ಇದ್ದರೂ ಬೇಳೆಕಾಳು ಸೊಪ್ಪುಗಳಿಂದ ಅಪಾಯ ಹೆಚ್ಚಲಿಲ್ಲ. ಮದ್ಯಪಾನ ಮಾಡುವವರಿಗೆ, ಅದರಲ್ಲೂ ಬಿಯರ್ ಕುಡಿಯುವವರಿಗೆ, ಗೌಟ್ ಹೆಚ್ಚೆಂಬುದನ್ನು ಅದೇ ವರ್ಷ ಅದೇ ಸಂಶೋಧಕರು ತೋರಿಸಿದರು. ಅವರು ನೋಡಿದ್ದು ಅಮೆರಿಕದವರನ್ನು, ತೊಗರಿ ಉಣ್ಣುವವರನ್ನಲ್ಲ, ನಿಜ. ಆದರೂ ಬೇಳೆಯ ಮೇಲಿನ ಅಪವಾದಕ್ಕೆ ಆಧಾರವಿಲ್ಲವೆನ್ನಲು ಇದು ಸಾಕು. ಮೂತ್ರಪಿಂಡ ಕೆಟ್ಟವರ ಪಥ್ಯ ಬೇರೆ. ಅವರು ತಮ್ಮ ವೈದ್ಯರ ಮಾತು ಕೇಳಬೇಕು. ಉಳಿದವರು ರೊಟ್ಟಿಯ ಜೊತೆಗೆ ಬೇಳೆಯನ್ನು ನಿಶ್ಚಿಂತೆಯಿಂದ ಉಣ್ಣಬಹುದು.

ಹಾಗಾದರೆ ಲಕ್ವದ ಮಾತೇನು? ನೆದರ್ಲೆಂಡಿನ ರಾಟರ್‌ಡ್ಯಾಮ್ ನಗರದಲ್ಲಿ 55 ವರ್ಷ ದಾಟಿದ 4,385 ಮಂದಿಯನ್ನು ಸರಾಸರಿ 8.4 ವರ್ಷ ಗಮನಿಸಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಯೂರಿಕ್ ಆಮ್ಲ ಅತಿ ಹೆಚ್ಚಿದ್ದ ಗುಂಪಿನವರಿಗೆ ಅತಿ ಕಡಿಮೆಯಿದ್ದವರಿಗಿಂತ ಲಕ್ವದ ಅಪಾಯ ಒಂದೂವರೆ ಪಟ್ಟಿನಷ್ಟು ಕಂಡಿತು. 2009ರಲ್ಲಿ 16 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಹೆಚ್ಚು ಕಡಿಮೆ ಇಂಥದೇ ಉತ್ತರ ಬಂತು. ಆದುದರಿಂದ ಇವೆರಡೂ ಜೊತೆಜೊತೆಯಾಗಿ ಕಾಣಿಸಿಕೊಳ್ಳುತ್ತವೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಜೊತೆಯಲ್ಲಿ ಬಂದವನೇ ತಪ್ಪಿತಸ್ಥನೆಂದು ಹೇಳಲಾಗುವುದೆ? ರಕ್ತದೊತ್ತಡ ಹೆಚ್ಚಿದವರಲ್ಲಿ, ಬೊಜ್ಜು ಬಂದವರಲ್ಲಿ, ಮೂತ್ರಪಿಂಡ ಸೋತವರಲ್ಲಿ ಯೂರಿಕ್ ಆಮ್ಲ ತಾನಾಗಿಯೇ ಏರುತ್ತದೆ. ರಕ್ತದೊತ್ತಡಕ್ಕೆಂದು ಕೊಡುವ, ಮೂತ್ರವನ್ನು ಹೆಚ್ಚಿಸುವ ಕೆಲವು ಗುಳಿಗೆಗಳೂ ಅದನ್ನು ಏರಿಸುತ್ತವೆ. ಇವರಿಗೆ ಲಕ್ವ ಬರುವ ಸಂಭವ ಹೇಗೂ ಹೆಚ್ಚು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ನಡೆದುಬಂದ ಪ್ರಸಿದ್ಧ ಅಧ್ಯಯನದವರು 1999ರಲ್ಲಿ ಈ ಇತರ ಕಾರಣಗಳನ್ನು ಲೆಕ್ಕದಿಂದ ಕಳೆದು ನೋಡಿ, ಹೃದಯ ಮತ್ತು ರಕ್ತನಾಳಗಳ ರೋಗಕ್ಕೆ ಯೂರಿಕ್ ಆಮ್ಲ ಸ್ವತಃ ಕಾರಣವಲ್ಲವೆಂಬ ತೀರ್ಮಾನಕ್ಕೆ ಬಂದರು.

ವಾದ ಬಗೆಹರಿಯುವ ಮಾರ್ಗ ಒಂದೇ: ಆಮ್ಲವನ್ನು ಇಳಿಸಿ ನೋಡುವುದು. ಇಳಿಸುವ ಔಷಧ ಅಲೋಪ್ಯೂರಿನಾಲ್. ಅದನ್ನು ಅಮೆರಿಕದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರು ಮೊದಲು ರಕ್ತದ ಕ್ಯಾನ್ಸರಿನ ಔಷಧಕ್ಕೆ ಸಹಾಯಕವಾಗಲೆಂದು ಪರೀಕ್ಷಿಸಿದರು. ಅದು 1966ರಿಂದ ಗೌಟಿಗೆ ಬಳಕೆಗೆ ಬಂತು. 1988ರಲ್ಲಿ ಅವರಿಬ್ಬರೂ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಗೌಟ್ ಇಲ್ಲದ, ಆದರೆ ಹೃದಯದ ರೋಗವಿರುವ, 60 ವರ್ಷ ದಾಟಿದ 5,721 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಯ ಫಲ 2022ರಲ್ಲಿ ಹೊರಬಂದಿತು. ಅಲೋಪ್ಯೂರಿನಾಲ್ ತೆಗೆದುಕೊಂಡವರಲ್ಲಿ ನೂರಕ್ಕೆ 11.0 ಮಂದಿಗೆ, ತೆಗೆದುಕೊಳ್ಳದವರಲ್ಲಿ 11.3 ಮಂದಿಗೆ ಹೃದಯಾಘಾತವೋ ಲಕ್ವವೋ ಇಂಥ ರೋಗದಿಂದ ಮರಣವೋ ಸಂಭವಿಸಿತ್ತು. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಲಕ್ವ ಆದ 464 ಮಂದಿಗೆ ಎರಡು ವರ್ಷ ಈ ಔಷಧವನ್ನೋ ಹುಸಿಗುಳಿಗೆಯನ್ನೋ ಕೊಟ್ಟು ನೋಡಿದ ಇನ್ನೊಂದು ಪರೀಕ್ಷೆ 2023ರಲ್ಲಿ ಪ್ರಕಟವಾಯಿತು. ರಕ್ತದೊತ್ತಡ ತುಸು ಇಳಿಯಿತು. ಮಿದುಳಿನ ಬಿಳಿಯ ಭಾಗದಲ್ಲಿ ಹಾನಿ ಹಬ್ಬುವುದು ಮಾತ್ರ ನಿಲ್ಲಲಿಲ್ಲ. ಗೌಟ್ ಇದ್ದವನಿಗೆ ಇದು ಒಳ್ಳೆಯ ಔಷಧ. ಚೀಟಿಯ ಅಂಕಿಯೊಂದನ್ನೇ ನೋಡಿ ಲಕ್ವ ತಡೆಯಲೆಂದು ನುಂಗುವುದಕ್ಕೆ ಆಧಾರವಿಲ್ಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಇನ್ನೊಂದು ತಿರುವು ಉಂಟು. ಯೂರಿಕ್ ಆಮ್ಲ ಬರಿಯ ಕಸವಲ್ಲ, ರಕ್ತದಲ್ಲಿ ಹುಟ್ಟುವ ಕೆಡುಕಿನ ಆಮ್ಲಜನಕ ಕಣಗಳನ್ನು ಹಿಡಿದು ನಿಷ್ಫಲಗೊಳಿಸುವ ರಕ್ಷಕವೂ ಆಗಿರಬಹುದೆಂದು 1981ರಲ್ಲಿ ಬ್ರೂಸ್ ಏಮ್ಸ್ ಮತ್ತು ಸಂಗಡಿಗರು ವಾದಿಸಿದರು. ಮಿದುಳಿನ ರಕ್ತನಾಳ ಮುಚ್ಚಿ ಮತ್ತೆ ತೆರೆದಾಗ ಇಂಥ ಕಣಗಳೇ ಬಹಳ ಹಾವಳಿ ಮಾಡುತ್ತವೆ. ಸ್ಪೇನಿನ ಬಾರ್ಸೆಲೋನಾ ನಗರದ ಆಂಖೆಲ್ ಚಮೋರೊ ಮತ್ತು ಸಂಗಡಿಗರು, ಲಕ್ವ ಹೊಡೆದು ಬಂದವರ ಪೈಕಿ ಯೂರಿಕ್ ಆಮ್ಲ ಹೆಚ್ಚಿದ್ದವರೇ ಚೆನ್ನಾಗಿ ಚೇತರಿಸಿಕೊಂಡರೆಂದು 2002ರಲ್ಲಿ ವರದಿ ಮಾಡಿದರು. ಅಷ್ಟಕ್ಕೆ ಬಿಡದೆ, 2011ರಿಂದ 2013ರ ವರೆಗೆ, ಹೆಪ್ಪು ಕರಗಿಸುವ ಔಷಧದ ಜೊತೆಗೆ ಒಂದು ಗ್ರಾಂ ಯೂರಿಕ್ ಆಮ್ಲವನ್ನೇ ರಕ್ತನಾಳದ ಮೂಲಕ ಕೊಟ್ಟು ನೋಡಿದರು! 211 ಮಂದಿಗೆ ಆಮ್ಲ, 200 ಮಂದಿಗೆ ಹುಸಿ ದ್ರಾವಣ. ಮೊದಲನೆಯ ಗುಂಪಿನಲ್ಲಿ ನೂರಕ್ಕೆ 39, ಎರಡನೆಯದರಲ್ಲಿ 33 ಮಂದಿ ಬಹಳ ಚೆನ್ನಾಗಿ ಗುಣವಾದರು. 2014ರಲ್ಲಿ ಪ್ರಕಟವಾದ ಈ ವ್ಯತ್ಯಾಸ ಆಕಸ್ಮಿಕವಲ್ಲವೆಂದು ಗಣಿತದಿಂದ ಸಾಧಿಸಲಾಗಲಿಲ್ಲ. ಹೆಂಗಸರಲ್ಲಿ ಮಾತ್ರ ಪ್ರಯೋಜನ ಹೆಚ್ಚಾಗಿ ಕಂಡಿತು. ಅಮೆರಿಕದ ಹಲವು ಪ್ರಯೋಗಶಾಲೆಗಳು ಸೇರಿ ಆರು ಚಿಕಿತ್ಸೆಗಳನ್ನು ಇಲಿಗಳ ಮೇಲೆ ಕಟ್ಟುನಿಟ್ಟಾಗಿ ಪರೀಕ್ಷಿಸಿ 2023ರಲ್ಲಿ ಫಲ ಪ್ರಕಟಿಸಿದಾಗ, ಕೊನೆಯ ತನಕ ಉಳಿದು ಬಂದುದು ಯೂರಿಕ್ ಆಮ್ಲವೊಂದೇ. ಮನುಷ್ಯರಿಗೆ ಇದು ಇನ್ನೂ ಒಪ್ಪಿತ ಚಿಕಿತ್ಸೆಯಲ್ಲ. ಆದರೂ ನೂರು ವರ್ಷ ಬೈಸಿಕೊಂಡ ವಸ್ತು ಚಿಕಿತ್ಸೆಯ ಬಾಗಿಲಿಗೆ ಬಂದು ನಿಂತಿರುವುದು ವಿಸ್ಮಯವೇ ಸರಿ.

ಈ ಇತಿಹಾಸದಿಂದ ನೀವು ಮನೆಗೆ ಒಯ್ಯಬೇಕಾದುದೇನು? ಲಕ್ವದ ಕಾರಣಗಳನ್ನು 32 ದೇಶಗಳಲ್ಲಿ ಹುಡುಕಿದ, ನಮ್ಮ ದೇಶವೂ ಸೇರಿದ್ದ ದೊಡ್ಡ ಅಧ್ಯಯನವೊಂದರ ಫಲ 2016ರಲ್ಲಿ ಬಂದಿತು. ಅದು ಹೆಸರಿಸಿದ ಹತ್ತು ಕಾರಣಗಳಲ್ಲಿ ಅಧಿಕ ರಕ್ತದೊತ್ತಡವೇ ಮೊದಲನೆಯದು, ಅದರ ಪಾಲು ಹತ್ತಿರ ಹತ್ತಿರ ಅರ್ಧ. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ಬೊಜ್ಜು, ಕುಡಿತ, ಹೃದಯದ ರೋಗ ಅದರ ಹಿಂದೆ ಬರುತ್ತವೆ. ಯೂರಿಕ್ ಆಮ್ಲ ಆ ಪಟ್ಟಿಯಲ್ಲಿಲ್ಲ. ಚೀಟಿಯಲ್ಲಿ ಆ ಅಂಕಿ ಏರಿದ್ದರೆ ಅದನ್ನು ಒಂದು ಸೂಚನೆಯೆಂದು ತಿಳಿಯಿರಿ: ರಕ್ತದೊತ್ತಡವನ್ನು ಅಳೆಯಿಸಿ, ಸಕ್ಕರೆಯನ್ನೂ ಮೂತ್ರಪಿಂಡಗಳನ್ನೂ ಪರೀಕ್ಷೆ ಮಾಡಿಸಿ. ಬೇಳೆ ಬಿಟ್ಟು, ಬಿ.ಪಿ. ಗುಳಿಗೆಯನ್ನೂ ಬಿಟ್ಟು, ಯೂರಿಕ್ ಆಮ್ಲದ ಗುಳಿಗೆ ನುಂಗುವವನು ಬಾಗಿಲು ತೆರೆದಿಟ್ಟು ಕಿಟಕಿಗೆ ಬೀಗ ಹಾಕಿದಂತಾಗುತ್ತದೆ.

ಲಕ್ವ ಹೊಡೆದೇಬಿಟ್ಟರೆ ಆಗ ಉಳಿಯುವುದು ಹೊತ್ತಿನ ಲೆಕ್ಕ. ರಕ್ತನಾಳ ಮುಚ್ಚಿ ಬಂದ ಲಕ್ವಕ್ಕೆ ಹೆಪ್ಪು ಕರಗಿಸುವ ಔಷಧದಿಂದ ಪ್ರಯೋಜನವುಂಟೆಂದು 1995ರಲ್ಲಿ ಸಿದ್ಧವಾಯಿತು. ಆಗ ಗಡುವು ಮೂರು ಗಂಟೆ. 2008ರಲ್ಲಿ ಅದು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಕೊಡುವ ಮೊದಲು ಸಿ.ಟಿ. ಯಂತ್ರದಲ್ಲಿ ತಲೆಯನ್ನು ನೋಡಿ ರಕ್ತಸ್ರಾವವಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಆಳಂದದಿಂದಲೇ ಕಲಬುರಗಿ ಸುಮಾರು 40 ಕಿಲೋಮೀಟರು. ನಿಂಬರ್ಗಾದ ಹೊಲದಲ್ಲಿ ಬಿದ್ದವನಿಗೆ ನಾಲ್ಕೂವರೆ ಗಂಟೆ ದೊಡ್ಡ ಅವಧಿಯಲ್ಲ. ಎಣ್ಣೆ ತಿಕ್ಕುವುದರಲ್ಲಿ, ನಾಟಿ ಮದ್ದು ಹುಡುಕುವುದರಲ್ಲಿ, ಬೆಳಗಾಗಲಿ ನೋಡೋಣವೆನ್ನುವುದರಲ್ಲಿ ಅದು ಕಳೆದೇಹೋಗುತ್ತದೆ. ಮುಖ ಸೊಟ್ಟಗಾಯಿತೆ, ಎತ್ತಿದ ಕೈ ಕೆಳಗೆ ಬೀಳುತ್ತದೆಯೆ, ಮಾತು ತೊದಲುತ್ತದೆಯೆ ಎಂದು ನೋಡಿ. ಮೂರರಲ್ಲಿ ಒಂದು ಕಂಡರೂ ಗಡಿಯಾರ ನೋಡಿ ಹೊತ್ತನ್ನು ಬರೆದಿಟ್ಟುಕೊಂಡು 108ಕ್ಕೆ ಕರೆ ಮಾಡಿ. ಬಾಯಿಗೆ ನೀರನ್ನಾಗಲಿ ಗುಳಿಗೆಯನ್ನಾಗಲಿ ಹಾಕಬೇಡಿ. ಸಿ.ಟಿ. ಯಂತ್ರವಿರುವ ಆಸ್ಪತ್ರೆಗೇ ನೇರವಾಗಿ ಕರೆದುಕೊಂಡು ಹೋಗಿ, ಬೇನೆ ಯಾವ ಹೊತ್ತಿಗೆ ಶುರುವಾಯಿತೆಂಬುದನ್ನು ಎಲ್ಲಕ್ಕಿಂತ ಮೊದಲು ಡಾಕ್ಟರರಿಗೆ ಹೇಳಿ.